ಕಾಕಾ ಕೇಳಿದ ಪ್ರಶ್ನೆಗೆ ನನ್ನ ಉತ್ತರ

ಮೊನ್ನೆ ಭಾನುವಾರ ದಾಪೋಡಿಯಲ್ಲಿ ನಮ್ಮ ಇಂಡಿ ಕಡೆಯವರ ಮನೆಗೆ ಊಟಕ್ಕೆ ಹೋಗಿದ್ದೆ. ನಾನು ಪುಣೆಯಲ್ಲಿ ಎಚ್‌ಐವಿ ಕೌನ್ಸೆಲರ್ ಅಂತ ಗೊತ್ತಿರುವ ಕಾಕಾ ಕೇಳಿದರು: "ಕೊರೊನಾಕ್ಕ ಒಂದ್ ವರ್ಷದಾಗ ಲಸಿಕಿ ಬಂತು. ನಿಮ್ಮ ಎಚ್‌ಐವಿಗೆ ಇಷ್ಟ್ ವರ್ಷಾದ್ರೂ ಯಾಕ ಬಂದಿಲ್ಲವ್ವಾ?"

ಎಲೆ ಮುಂದೆ ಕೂತು ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಕಾ, ಕೊರೊನಾ ಬಂದ ಹೆಚ್ಚಿನವರ ಮೈ ತಾನೇ ಆ ವೈರಸ್ಸನ್ನು ಓಡಿಸಿತು. ಎಚ್‌ಐವಿಯಲ್ಲಿ ಹಾಗಾಗುವುದಿಲ್ಲ. ಅದು ಬೇಗ ಬೇಗ ರೂಪ ಬದಲಿಸುತ್ತದೆ. ಅದರ ಹೊರಮೈಯಲ್ಲಿರುವ ಮುಳ್ಳಿನಂಥ ಭಾಗಗಳ ಮೇಲೆ ನಮ್ಮದೇ ಜೀವಕೋಶ ತಯಾರಿಸಿದ ಸಕ್ಕರೆಯ ಹೊದಿಕೆ ಇರುತ್ತದೆ. ನಮ್ಮದೇ ವಸ್ತು ಅಂತ ಮೈ ಸುಮ್ನೆ ಇದ್ದುಬಿಡುತ್ತದೆ. ಹಲವು ಬಗೆಯ ಎಚ್‌ಐವಿಯನ್ನು ತಡೆಯುವ ಆ್ಯಂಟಿಬಾಡಿ ಕೆಲವು ಸೋಂಕಿತರಲ್ಲಿ ಹುಟ್ಟುವುದುಂಟು. ಆದರೆ ಅದಕ್ಕೆ ವರ್ಷಗಳೇ ಬೇಕು. ಅಷ್ಟರಲ್ಲಿ ವೈರಸ್ ಮೈಯಲ್ಲಿ ಬೇರೂರಿರುತ್ತದೆ.

ಆ ಆ್ಯಂಟಿಬಾಡಿಯನ್ನು ಸೋಂಕಿಲ್ಲದವರ ಮೈಗೆ ಮೊದಲೇ ಕಲಿಸುವುದು ಹೇಗೆ? ಈಗಿನ ಕೆಲಸವೆಲ್ಲ ಇದೇ. ಅಮೆರಿಕದಲ್ಲಿ ನಡೆದ ಐಎವಿಐ ಜಿ001 ಎಂಬ ಲಸಿಕೆ ಪ್ರಯೋಗದಲ್ಲಿ ಲಸಿಕೆ ಪಡೆದ 36 ಜನರಲ್ಲಿ 35 ಜನರ ಮೈಯಲ್ಲಿ ಬೇಕಾದ ಬಿ ಕೋಶಗಳು, ಅಂದರೆ ಆ್ಯಂಟಿಬಾಡಿ ತಯಾರಿಸುವ ಕೋಶಗಳು, ಎಚ್ಚೆತ್ತವು. ಇದು 2022ರಲ್ಲಿ ಪ್ರಕಟವಾಯಿತು. ಇದರಿಂದ ಅವರಿಗೆ ರಕ್ಷಣೆ ಸಿಕ್ಕಿತು ಅಂತಲ್ಲ, ಇದು ಮೊದಲ ಮೆಟ್ಟಿಲು.

ನನಗೆ ಜಾಸ್ತಿ ಹಿಡಿಸಿದ್ದು ಡೋಸ್ ಕೊಡುವ ರೀತಿ. ಇನ್ನೊಂದು ಪ್ರಯೋಗದಲ್ಲಿ ಕೋತಿಗಳಿಗೆ ಎಚ್‌ಐವಿ ಲಸಿಕೆಯ ಒಂದೇ ಡೋಸನ್ನು ಏಳು ಕಂತು ಮಾಡಿ 12 ದಿನಗಳಲ್ಲಿ ಕೊಟ್ಟರು. ಕುತ್ತಿಗೆ, ಕಂಕುಳಲ್ಲೆಲ್ಲ ಇರುವ ದುಗ್ಧಗ್ರಂಥಿಯೊಳಗೆ (ಲಿಂಫ್ ನೋಡ್) ಆ್ಯಂಟಿಬಾಡಿ ಪಳಗುವ ಕೆಲಸ ಆರು ತಿಂಗಳಿಗೂ ಹೆಚ್ಚು ನಡೆಯಿತು. ನಿಮ್ಮ ನಿಂಬೆ ಗಿಡಕ್ಕೆ ಕೊಡಗಟ್ಟಲೆ ಸುರಿಯದೆ ಹನಿ ನೀರು ಬಿಡುತ್ತೀರಲ್ಲ, ಹಾಗೆ.

ಆದರೆ ವಾಕಡ್‌ನಲ್ಲಿ ಕಟ್ಟಡ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಏಳು ಸಲ ಎಲ್ಲಿ ಬರುತ್ತಾರೆ? ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ 2024ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಇಲಿಗಳಲ್ಲಿ ತೋರಿಸಿದ್ದನ್ನು ಓದಿ ಖುಷಿಯಾಯಿತು. ಮೊದಲು ಡೋಸಿನ ಶೇ 20, ವಾರದ ನಂತರ ಉಳಿದ ಶೇ 80. ಎರಡೇ ಸೂಜಿ. ಮೊದಲ ಕಂತಿಗೆ ಹುಟ್ಟಿದ ಆ್ಯಂಟಿಬಾಡಿ ಎರಡನೆಯದನ್ನು ಹಿಡಿದು, ಕೆಡದ ಹಾಗೆ ಗ್ರಂಥಿಯೊಳಗೆ ಉಳಿಸುತ್ತದೆ. ಮನುಷ್ಯರಲ್ಲಿ ಇದು ಕೆಲಸ ಮಾಡಿದರೆ ಬಡವರಿಗೂ ದಕ್ಕುವ ಲಸಿಕೆಯಾಗುತ್ತದೆ, ಅಲ್ವಾ?

ಇಷ್ಟು ಹತ್ತಿರ ಬಂದಾಗ, 2025ರ ಮೇನಲ್ಲಿ ಅಮೆರಿಕ ಸರ್ಕಾರ ಡ್ಯೂಕ್ ಮತ್ತು ಸ್ಕ್ರಿಪ್ಸ್ ಸಂಸ್ಥೆಗಳ ಎಚ್‌ಐವಿ ಲಸಿಕೆ ತಂಡಗಳಿಗೆ ಮುಂದೆ ಅನುದಾನ ಇಲ್ಲ ಅಂದಿತು. ನನಗೆ ಹೊಟ್ಟೆ ಉರಿಯಿತು. ಔಷಧಿ ಇದೆಯಲ್ಲ ಅನ್ನುತ್ತಾರೆ. ಇದೆ, ಒಳ್ಳೆಯದೇ. ಆದರೆ ಊರೂರು ಅಲೆದು ದುಡಿಯುವವರು ಔಷಧಿ ತಪ್ಪದ ಹಾಗೆ ನೋಡಿಕೊಳ್ಳುವುದು ಎಷ್ಟು ಕಷ್ಟ ಅಂತ ನಾನು ದಿನಾ ನೋಡುತ್ತೇನೆ.

ನಮ್ಮ ದೇಶದ ಮೊದಲ ಎಚ್‌ಐವಿ ಲಸಿಕೆ ಪ್ರಯೋಗ ಶುರುವಾಗಿದ್ದು ಇದೇ ಪುಣೆಯಲ್ಲಿ, 2005ರಲ್ಲಿ, ಭೋಸರಿಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಿಂದ. 30 ಆರೋಗ್ಯವಂತರು ತೋಳು ಕೊಟ್ಟರು. ಫಲ ಅಷ್ಟಕ್ಕಷ್ಟೇ ಬಂತು. ಆ ಮೂವತ್ತು ಜನರ ಬಗ್ಗೆ ನನಗೆ ಇಂದಿಗೂ ಗೌರವ. ನಮ್ಮಲ್ಲಿ ಹೆಚ್ಚಾಗಿರುವುದು ಸಿ ಬಗೆಯ ವೈರಸ್. ಈ ಹೊಸ ಡೋಸ್ ಕ್ರಮವನ್ನು ನಮ್ಮ ಜನರಲ್ಲಿ, ನಮ್ಮ ದುಡ್ಡಿನಲ್ಲಿ ನೋಡುವ ಕೆಲಸ ಇಲ್ಲಿಂದಲೇ ಮತ್ತೆ ಶುರುವಾಗಲಿ ಕಾಕಾ. ಆಗ ತೋಳು ಕೊಡುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.