ಭಾವನವರ ಸ್ಟೆಂಟು ಮತ್ತು ಅರ್ಜಿಯಲ್ಲಿ ಒತ್ತಿದ ಆ ‘ಇಲ್ಲ’

ಮೊನ್ನೆ ಸಂಜೆಯಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದೆಂದು ಬರೆಯಲು ಕುಳಿತಿದ್ದೇನೆ. ಉದ್ದವಾದರೆ ಸ್ನೇಹಿತರು ಸಹಿಸಿಕೊಳ್ಳಬೇಕು.

ನನ್ನ ಅಕ್ಕ ಮತ್ತು ಭಾವನವರನ್ನು ನಿಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ಮುಳಬಾಗಿಲು ತಾಲ್ಲೂಕಿನ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದು, ಈಗ ಕೋಲಾರದಲ್ಲಿ ನೆಲೆಸಿರುವ ಅದೇ ಭಾವ. ಮುಂದಿನ ತಿಂಗಳು ಅವರ ಮದುವೆಗೆ ಐವತ್ತು ವರ್ಷ ತುಂಬುತ್ತದೆ. ಬೆಂಗಳೂರಿನಲ್ಲಿರುವ ಅವರ ಮಗ ತಂದೆ ತಾಯಿಯನ್ನು ಸಿಂಗಪುರಕ್ಕೆ ಕರೆದೊಯ್ದು, ಅಲ್ಲಿಂದ ಪೆನಾಂಗ್, ಫುಕೆಟ್ ಕಡೆಗೆ ನಾಲ್ಕು ರಾತ್ರಿಯ ಕ್ರೂಸ್ ಹಡಗಿನಲ್ಲಿ ಸುತ್ತಿಸಿಕೊಂಡು ಬರುತ್ತೇನೆಂದು ಟಿಕೆಟ್ಟುಗಳನ್ನೂ ಮಾಡಿಸಿದ್ದಾನೆ. ಧರ್ಮಸ್ಥಳದ ಯಾತ್ರೆಯಲ್ಲಿ ಬಸ್ಸು ಮಲ್ಪೆಯಲ್ಲಿ ನಿಂತಾಗ ಎರಡು ಸಲ ಸಮುದ್ರ ಕಂಡದ್ದು ಬಿಟ್ಟರೆ ಅಕ್ಕನಿಗೆ ಸಮುದ್ರವೇ ಗೊತ್ತಿಲ್ಲ. ಆಕೆ ಹಡಗಿನ ಚಿತ್ರವನ್ನು ಮೊಬೈಲಿನಲ್ಲಿ ನೆರೆಮನೆಯವರಿಗೆಲ್ಲ ತೋರಿಸುತ್ತಿರುವುದನ್ನು ಕಂಡರೆ ನನಗೂ ಸಂತೋಷವೇ.

ಮೊನ್ನೆ ಪ್ರವಾಸ ವಿಮೆ ಮಾಡಿಸುವ ಸಲುವಾಗಿ ಟೂರ್ ಏಜೆಂಟರ ಕಚೇರಿಗೆ ಮೂವರೂ ಹೋಗಿದ್ದೆವು. ವಿಮೆ ಬೇಕೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ವಾರದಿಂದ ನಡೆದಿತ್ತು, ಕೊನೆಗೆ ಬೇಕೆಂದು ತೀರ್ಮಾನವಾಗಿತ್ತು. ಅಲ್ಲಿದ್ದ ಹುಡುಗ ತನ್ನ ಮೊಬೈಲಿನಲ್ಲೇ ಅರ್ಜಿ ತುಂಬುತ್ತಿದ್ದ. ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಎಲ್ಲವನ್ನೂ ಅಕ್ಷರ ತಪ್ಪದಂತೆ ಕೇಳಿ ಕೇಳಿ ಬರೆದುಕೊಂಡ. ಆಮೇಲೆ ಆರೋಗ್ಯದ ಪುಟ ಬಂತು. ಹೃದಯದ ಕಾಯಿಲೆ ಇದೆಯೇ, ಮಧುಮೇಹ ಇದೆಯೇ, ರಕ್ತದೊತ್ತಡ ಇದೆಯೇ, ಶಸ್ತ್ರಚಿಕಿತ್ಸೆ ಆಗಿದೆಯೇ, ನಿತ್ಯವೂ ಔಷಧ ತೆಗೆದುಕೊಳ್ಳುತ್ತೀರಾ ಎಂಬ ಐದು ಪ್ರಶ್ನೆಗಳು ಪಕ್ಕದಲ್ಲಿ ಕುಳಿತಿದ್ದ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಹುಡುಗ ತಲೆ ಎತ್ತಲಿಲ್ಲ, ಭಾವನವರನ್ನು ಒಂದು ಮಾತು ಕೇಳಲಿಲ್ಲ. ಅವನ ಹೆಬ್ಬೆರಳು ಸರಸರನೆ ಐದು ಸಲ ‘ಇಲ್ಲ’ ಎಂಬುದನ್ನು ಒತ್ತಿಕೊಂಡು ಕೆಳಗಿಳಿಯಿತು.

ಭಾವನವರಿಗೆ 2019ರಲ್ಲಿ ಸ್ಟೆಂಟ್ ಹಾಕಿದ್ದಾರೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಆ ಹೊತ್ತಿನಲ್ಲಿಯೂ ಅವರ ಅಂಗಿಯ ಜೇಬಿನಲ್ಲಿ ಮಾತ್ರೆಯ ಡಬ್ಬಿ ಉಬ್ಬಿಕೊಂಡು ಕಾಣುತ್ತಿತ್ತು.

“ಸ್ವಲ್ಪ ತಡೆಯಪ್ಪ, ಇವರಿಗೆ ಸ್ಟೆಂಟ್ ಆಗಿದೆ, ಶುಗರ್ ಇದೆ” ಎಂದೆ.

“ಅಂಕಲ್, ಅದನ್ನೆಲ್ಲ ಹಾಕಿದರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಒಂದೊಂದು ಸಲ ಪಾಲಿಸಿನೇ ಕೊಡಲ್ಲ. ಎಲ್ಲರೂ ಹೀಗೇ ಮಾಡ್ಸೋದು” ಎಂದ.

“ಬಿಡೋ, ಒಳ್ಳೆ ಕೆಲಸಕ್ಕೆ ಹೊರಡೋವಾಗ ಕಾಯಿಲೆ ಮಾತು ಯಾಕೆ” ಎಂದಳು ಅಕ್ಕ. ಭಾವ ಏನೂ ಹೇಳಲಿಲ್ಲ. ಹಣ ಪಾವತಿಯಾಯಿತು, ಪಾಲಿಸಿ ಅವರ ಮೊಬೈಲಿಗೆ ಬಂತು, ಮೂವರೂ ಎದ್ದು ಬಂದೆವು. ದಾರಿಯುದ್ದಕ್ಕೂ ನಾನು ಮಾತನಾಡಲಿಲ್ಲ.

ನನಗೆ ಸಿಟ್ಟು ಬಂದಿರುವುದು ಇದಕ್ಕೇ. ವಿಮೆ ಬೇಡವೆಂದು ನೇರವಾಗಿ ನಿರಾಕರಿಸಿ ಹೊರಡುವವರ ಲೆಕ್ಕ ನನಗೆ ಅರ್ಥವಾಗುತ್ತದೆ. ಅವರಿಗೆ ತಮ್ಮ ಕೈಯಲ್ಲಿ ಏನೂ ಇಲ್ಲವೆಂಬುದು ತಿಳಿದಿರುತ್ತದೆ. ಆದರೆ ಹಣವನ್ನೂ ಕೊಟ್ಟು, ಐದು ಸಲ ಸುಳ್ಳನ್ನೂ ಒತ್ತಿಸಿಕೊಂಡು, ವಿಮೆ ಇದೆಯೆಂಬ ಧೈರ್ಯದಲ್ಲಿ ಹಡಗು ಹತ್ತುವವರ ಕೈಯಲ್ಲಿಯೂ ಏನೂ ಇರುವುದಿಲ್ಲ, ಮತ್ತು ಅದು ಅವರಿಗೆ ಗೊತ್ತಿರುವುದಿಲ್ಲ.

ನಮ್ಮವರಿಗೆ ವಿಮೆ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ ಸರಕಾರಿ ನೌಕರರಿಗಾಗಿ 1891ರಲ್ಲೇ ಆರಂಭವಾದ ವಿಮಾ ವ್ಯವಸ್ಥೆ ಇಂದಿಗೂ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಎಂಬ ಹೆಸರಿನಲ್ಲಿ ನಡೆಯುತ್ತಿದೆ, ಮತ್ತು ನನ್ನ ಅಧ್ಯಾಪಕ ವೃತ್ತಿಯ ಉದ್ದಕ್ಕೂ ಅದರ ಕಂತು ಸಂಬಳದಲ್ಲೇ ಕಡಿತವಾಗಿದೆ. ಆನ್‌ಲೈನಿನಲ್ಲಿ ರೈಲಿನ ಟಿಕೆಟ್ ಮಾಡುವಾಗ 45 ಪೈಸೆ ಕೊಟ್ಟು ಹತ್ತು ಲಕ್ಷ ರೂಪಾಯಿಯ ಅಪಘಾತ ವಿಮೆಯನ್ನು ಎಲ್ಲರೂ ತೆಗೆದುಕೊಳ್ಳುತ್ತೇವೆ. ಅಲ್ಲಿ ಯಾರೂ ಆರೋಗ್ಯದ ಪ್ರಶ್ನೆ ಕೇಳುವುದಿಲ್ಲ, ಆದ್ದರಿಂದ ಸುಳ್ಳಿಗೆ ಜಾಗವೂ ಇಲ್ಲ. ಪ್ರವಾಸ ವಿಮೆ ಹಾಗಲ್ಲ. ನಾವು ಬರೆದುಕೊಟ್ಟ ಮಾತಿನ ಮೇಲೆಯೇ ಅದು ನಿಂತಿರುತ್ತದೆ.

ನಾಲ್ಕು ದಿನದ ಹಡಗಿಗೆ ಇಷ್ಟೆಲ್ಲ ಏಕೆ ಎಂದು ನನ್ನ ಸೋದರಳಿಯನೇ ಫೋನಿನಲ್ಲಿ ಕೇಳಿದ. ಹಡಗೆಂದರೆ ನಮಗೆ ಇಳಿಯಬೇಕೆನಿಸಿದಾಗ ಇಳಿಯಲಾಗದ ಜಾಗವಪ್ಪ ಎಂದೆ. ಕೋಲಾರದಲ್ಲಿ ರಾತ್ರಿ ಎದೆ ನೋವು ಬಂದರೆ ನರಸಾಪುರ, ಹೊಸಕೋಟೆ ದಾಟಿಸಿಕೊಂಡು ಬೆಂಗಳೂರಿಗೆ ಕರೆದೊಯ್ಯಬಹುದು. ನಡುಸಮುದ್ರದಲ್ಲಿ ಹಡಗಿನ ವೈದ್ಯರು ಪ್ರಥಮ ಹಂತದ ಚಿಕಿತ್ಸೆ ಕೊಟ್ಟು ರೋಗಿಯನ್ನು ಉಳಿಸಿಕೊಳ್ಳಲು ನೋಡುತ್ತಾರೆ, ಮುಂದಿನ ಬಂದರಿನಲ್ಲಿ ಇಳಿಸಿ ಆಸ್ಪತ್ರೆಗೆ ಒಪ್ಪಿಸುತ್ತಾರೆ. ಹೆಲಿಕಾಪ್ಟರ್ ಬರಬೇಕಾದರೆ ಹಡಗು ತೀರಕ್ಕೆ ಅಷ್ಟು ಸಮೀಪವಿರಬೇಕು, ಹವೆಯೂ ಒಪ್ಪಬೇಕು. ಹಡಗಿನ ಆಸ್ಪತ್ರೆಯ ಬಿಲ್ಲು ಕೊಠಡಿಯ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಅಲ್ಲಿಯೇ ತೀರಿಸಿ, ಊರಿಗೆ ಬಂದ ಮೇಲೆ ವಿಮಾ ಕಂಪನಿಯಿಂದ ವಸೂಲು ಮಾಡಿಕೊಳ್ಳಬೇಕು. ಇಳಿಸಿದ ಊರಿನ ಖಾಸಗಿ ಆಸ್ಪತ್ರೆಯವರು ಮುಂಗಡ ಹಣವನ್ನೋ ವಿಮೆಯವರ ಖಾತರಿ ಪತ್ರವನ್ನೋ ಕೇಳುತ್ತಾರೆ. ರೋಗಿಯ ಜೊತೆಯವರಿಗೆ ಹೋಟೆಲು, ಹೊಸ ವಿಮಾನದ ಟಿಕೆಟ್ಟು, ಬೇಕಾದರೆ ಸ್ಟ್ರೆಚರಿನ ವ್ಯವಸ್ಥೆ, ಎಲ್ಲವೂ ಆಮೇಲಿನ ಖರ್ಚು. ಸಹಕಾರ ಸಂಘದ ಸದಸ್ಯರಿಗೆ ಇಲ್ಲಿ ಚಿಕಿತ್ಸೆ ಕೊಡಿಸುವ ಭಾವನವರ ಯಶಸ್ವಿನಿ ಕಾರ್ಡು ಅಲ್ಲಿಗೆ ಬರುವುದಿಲ್ಲ. ನಾವು ಇಲ್ಲಿ ಕಟ್ಟುತ್ತಿರುವ ಆರೋಗ್ಯ ವಿಮೆಗಳಲ್ಲಿ ಬಹುಪಾಲು ದೇಶದೊಳಗಿನ ಚಿಕಿತ್ಸೆಗಷ್ಟೇ ಇರುವಂಥವು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ತಡೆದಾಗ ಅದರಲ್ಲಿ 3,711 ಜನರಿದ್ದರು, ಏಳುನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು. ಕಣ್ಣೆದುರಿಗೇ ದಡವಿದ್ದೂ ವಾರಗಟ್ಟಲೆ ಅವರು ಇಳಿಯುವಂತಿರಲಿಲ್ಲ. ಅಂಥದು ಮತ್ತೆ ನಡೆಯುತ್ತದೆಂದು ನಾನು ಹೆದರಿಸುತ್ತಿಲ್ಲ. ಎಪ್ಪತ್ತು ದಾಟಿದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಹಡಗು ಹತ್ತುವಾಗ, ಬೇಕೆಂದಾಗ ಇಳಿಯಲಾಗದ ಅದರ ಈ ಒಂದು ಗುಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಉಳಿದ ಲಾಭಗಳು ಚಿಕ್ಕವು. ವಿಮಾನ ತಡವಾದರೆ ಹಡಗು ನಮಗಾಗಿ ಕಾಯುವುದಿಲ್ಲ, ಒಂದು ದಿನ ಮೊದಲೇ ಸಿಂಗಪುರ ಸೇರಿಕೊಂಡರೆ ಆ ಚಿಂತೆ ಮುಕ್ಕಾಲು ಪಾಲು ತೀರುತ್ತದೆ. ಪ್ರವಾಸ ರದ್ದಾದರೆ ಹಣ ಬರುವುದು ಪಾಲಿಸಿಯಲ್ಲಿ ಬರೆದಿರುವ ಕಾರಣಗಳಿಗೆ ಮಾತ್ರ, ಮನಸ್ಸು ಬದಲಾಯಿತೆಂದರೆ ಬರುವುದಿಲ್ಲ. ಪೆಟ್ಟಿಗೆ ಕಳೆದರೆ, ಕಳೆದಿದೆಯೆಂದು ವಿಮಾನ ಸಂಸ್ಥೆಯವರಿಂದ ಅಲ್ಲಿಯೇ ಬರಹದಲ್ಲಿ ಪಡೆದಿರಬೇಕು. ಇವುಗಳಿಗಾಗಿಯೇ ಆಗಿದ್ದರೆ ವಿಮೆ ಬೇಡವೆಂದರೂ ನಾನು ಜಗಳವಾಡುತ್ತಿರಲಿಲ್ಲ. ಭಾವನವರಿಗೆ ವಿಮೆ ಬೇಕಾಗಿರುವುದು ಅವರ ಹೃದಯಕ್ಕಾಗಿ, ಮತ್ತು ಆ ಹುಡುಗ ಅರ್ಜಿಯಿಂದ ಅಳಿಸಿ ಹಾಕಿದ್ದು ಆ ಹೃದಯವನ್ನೇ.

ಇಷ್ಟು ಖಾರವಾಗಿ ಬರೆಯುತ್ತಿರುವುದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ಇದನ್ನು ಈವರೆಗೆ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. 2018ರಲ್ಲಿ ನಾನು ಮತ್ತು ನನ್ನ ಹೆಂಡತಿ ಮಲೇಷ್ಯಾ ಪ್ರವಾಸಕ್ಕೆ ಹೋದಾಗ ಆ ‘ಇಲ್ಲ’ ಎಂಬುದನ್ನು ಬರೆದದ್ದು ಯಾವ ಏಜೆಂಟನೂ ಅಲ್ಲ, ನಾನೇ. ಆಕೆಗೆ ಮಧುಮೇಹವಿತ್ತು. ಕೆಲವು ನೂರು ರೂಪಾಯಿ ಉಳಿಯಿತೆಂದು ಸಮಾಧಾನಪಟ್ಟೆ. ಮೂರನೆಯ ದಿನ ಕ್ವಾಲಾಲಂಪುರದಲ್ಲಿ ಸಕ್ಕರೆ ಏರುಪೇರಾಗಿ ಹೋಟೆಲಿನ ಸ್ನಾನದ ಕೋಣೆಯಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ವೈದ್ಯರು ಎಷ್ಟು ವರ್ಷದಿಂದ ಶುಗರ್ ಇದೆ, ಯಾವ ಮಾತ್ರೆ ಎಂದು ಕೇಳಿದರು. ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಚಿಕಿತ್ಸೆ ಕೊಡುವವರ ಮುಂದೆ ಸುಳ್ಳು ಹೇಳಲಾಗುತ್ತದೆಯೇ? ಡಿಸ್ಚಾರ್ಜ್ ಸಾರಾಂಶದ ಎರಡನೆಯ ಸಾಲಿನಲ್ಲಿ, ಒಂಬತ್ತು ವರ್ಷಗಳಿಂದ ಮಧುಮೇಹ ಎಂದು ಅಚ್ಚಾಗಿತ್ತು. ವಿಮಾ ಕಂಪನಿಯವರು ನನ್ನ ಅರ್ಜಿಯನ್ನೂ ಆ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು, ಕ್ಲೇಮು ತಿರಸ್ಕರಿಸಿದರು. ಎರಡು ಲಕ್ಷ ಎಂಬತ್ತು ಸಾವಿರ ರೂಪಾಯಿಯನ್ನು ಠೇವಣಿ ಮುರಿದು ತುಂಬಿದೆವು. ಆಕೆ ಒಂದು ದಿನವೂ ನನ್ನನ್ನು ಹಂಗಿಸಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಅದಕ್ಕಿಂತ ಬೇರೆ ಶಿಕ್ಷೆ ಬೇಕಾಗಿರಲಿಲ್ಲ.

ಕಂಪನಿಗಳು ಸತ್ಯ ಹೇಳಿದವರಿಗೂ ಹಣ ಕೊಡುವುದಿಲ್ಲ, ಏನಾದರೊಂದು ನೆಪ ತೆಗೆಯುತ್ತವೆ ಎಂದು ಕೆಲವರು ಖಂಡಿತ ಹೇಳುತ್ತಾರೆ. ಹಾಗೆ ಆಗುವುದುಂಟು, ಅಲ್ಲಗಳೆಯುವುದಿಲ್ಲ. ಆಗ ಕಂಪನಿಗೆ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಅವರ ಬಳಿಗೆ ಹೋಗಬಹುದು. ಬೆಂಗಳೂರಿನಲ್ಲಿಯೇ ಅವರ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರನ್ನು ಹಿಡಿಯುವ ಅಗತ್ಯವೂ ಇಲ್ಲ. ಆದರೆ ಅಲ್ಲಿಗೆ ಹೋಗುವುದಕ್ಕೆ ನಮ್ಮ ಕಾಗದ ಸರಿಯಿರಬೇಕು. 2018ರಲ್ಲಿ ನನಗೆ ಆ ಬಾಗಿಲು ಗೊತ್ತಿತ್ತು, ಹೋಗಲು ಮುಖವಿರಲಿಲ್ಲ. ಕಂಪನಿಗಳ ಮೇಲಿನ ಅನುಮಾನವೇ ನಿಜವೆಂದಿಟ್ಟುಕೊಂಡರೂ, ಅವರಿಗೆ ಬೇಕಾದ ನೆಪವನ್ನು ನಾವೇ ಮುಂಚಿತವಾಗಿ ಬರೆದು ಸಹಿ ಹಾಕಿ ಕೊಡುವುದು ಯಾವ ಜಾಣತನ?

ನಿನ್ನೆ ಬೆಳಿಗ್ಗೆ ಎದ್ದವನೇ ಭಾವನವರ ಮನೆಗೆ ಹೋದೆ. ವಾದ ಮಾಡಲಿಲ್ಲ. “ಭಾವ, ಗೌರಿ ನೆನಪಿದೆಯಾ?” ಎಂದಷ್ಟೇ ಕೇಳಿದೆ.

ಗೌರಿ ನಮ್ಮಪ್ಪ ಬ್ಯಾಂಕಿನ ಸಾಲದಲ್ಲಿ ತಂದಿದ್ದ ಸೀಮೆಹಸು. 1992ರ ಮಾತು. ಸಾಲದ ಜೊತೆಯಲ್ಲೇ ಅದಕ್ಕೆ ವಿಮೆ ಮಾಡಿಸಿ, ಕಿವಿಗೆ ಸಂಖ್ಯೆಯಿರುವ ಓಲೆ ಹಾಕಿದ್ದರು. ಸೀಮೆಜಾಲಿ ಬೇಲಿಗೆ ಸಿಕ್ಕಿ ಆ ಓಲೆ ಕಿತ್ತುಹೋಯಿತು. ತಿಳಿಸಿದರಾಯಿತು ಎಂದು ಅಪ್ಪ ದಿನ ತಳ್ಳಿದರು. ಎರಡು ತಿಂಗಳಾದ ಮೇಲೆ ಹೊಟ್ಟೆಯುಬ್ಬರದಿಂದ ಒಂದೇ ರಾತ್ರಿಯಲ್ಲಿ ಹಸು ಸತ್ತಿತು. ಪಶುವೈದ್ಯರು ಬಂದು ಕಿವಿ ಎತ್ತಿ ನೋಡಿದರು. ಓಲೆಯಿದ್ದ ಕಡೆ ಹರಿದು ಒಣಗಿದ ಸೀಳು ಮಾತ್ರ ಇತ್ತು. ಓಲೆಯಿಲ್ಲದಿದ್ದರೆ ಪರಿಹಾರವಿಲ್ಲ ಎಂಬುದು ರಾಸು ವಿಮೆಯ ನಿಯಮ. ಅಪ್ಪ ಒಂದು ಮಾತೂ ಆಡದೆ ಅಳಿಯನ ಮುಖ ನೋಡಿದರು. ಭಾವ ಸಂಘದ ಕಾರ್ಯದರ್ಶಿ, ಅವರು ಸಾಕ್ಷಿ ಹಾಕಬೇಕಾದವರು. ಕೊಟ್ಟಿಗೆಯ ಗೋಡೆಗೆ ಕಾಗದ ಒತ್ತಿ ಹಿಡಿದು, ‘ಓಲೆ ಇರುವುದಿಲ್ಲ’ ಎಂದು ಬರೆದು ಸಹಿ ಮಾಡಿದರು. ಅಪ್ಪ ಯುಗಾದಿಯವರೆಗೆ ಅವರೊಡನೆ ಮಾತು ಬಿಟ್ಟರು. ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಮೂರು ವರ್ಷ ಕಟ್ಟಿದ ಮೇಲೆ ಆ ಸಾಲ ತೀರಿತು. ಅಂದಿನಿಂದ ಭಾವ ಪ್ರತಿದಿನ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ, “ಓಲೆ ಬಿದ್ದರೆ ಅವತ್ತೇ ಹೇಳ್ರಪ್ಪ” ಎಂದು ಕೂಗಿ ಹೇಳುತ್ತಿದ್ದರು, ನಾವು ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಾಗಲೆಲ್ಲ ಆ ಕೂಗು ಕೇಳಿಸುತ್ತಿತ್ತು.

ಭಾವ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಎದ್ದು ಹೋಗಿ ಬೀರುವಿನಿಂದ 2019ರ ಆಸ್ಪತ್ರೆಯ ಫೈಲು ತಂದು ಮೇಜಿನ ಮೇಲಿಟ್ಟರು. ಅಕ್ಕ ಮಾತ್ರೆಯ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ಹೆಸರು ಓದಿದಳು, ನಾನು ಬರೆದುಕೊಂಡೆ, ಒಟ್ಟು ಆರು. ಪಾಲಿಸಿಯಲ್ಲಿದ್ದ ಸಂಖ್ಯೆಗೆ ಭಾವನವರೇ ಫೋನು ಮಾಡಿ, “ನಮ್ಮ ಅರ್ಜಿಯಲ್ಲಿ ತಪ್ಪು ಮಾಹಿತಿ ಹೋಗಿದೆ” ಎಂದು ಹೇಳಿದರು. ಪ್ರಯಾಣ ಇನ್ನೂ ಶುರುವಾಗದ ಕಾರಣ ಸ್ವಲ್ಪ ಹಣ ಮುರಿದುಕೊಂಡು ರದ್ದು ಮಾಡುವುದಾಗಿ ಒಪ್ಪಿದ್ದಾರೆ. ಹೊಸ ಅರ್ಜಿಗೆ ವೈದ್ಯರ ಪತ್ರ ಬೇಕು. ಪ್ರೀಮಿಯಂ ಮೊದಲಿನದಕ್ಕಿಂತ ಮೂರು ಪಟ್ಟಾಗುತ್ತದೆ, ಹಳೆಯ ಕಾಯಿಲೆಗೆ ಜೀವಾಪಾಯದ ಸಂದರ್ಭದಲ್ಲಷ್ಟೇ, ಅದೂ ಒಂದು ಮಿತಿಯವರೆಗೆ ಹಣ ಸಿಗುತ್ತದೆ. ಅಷ್ಟಾದರೂ ಸಿಗುತ್ತದಲ್ಲ ಎಂದರು ಭಾವ. ಸೋದರಳಿಯ ಮೊದಲು ಮುನಿಸಿಕೊಂಡ, ರಾತ್ರಿ ಫೋನು ಮಾಡಿ ಪತ್ರದಲ್ಲಿ ಏನೇನು ಬರೆಸಬೇಕೆಂದು ನನ್ನನ್ನೇ ಕೇಳಿದ.

ಸೋಮವಾರ ಬೆಳಿಗ್ಗೆ ಹೃದ್ರೋಗ ತಜ್ಞರನ್ನು ಕಾಣಬೇಕಾಗಿದೆ. ಅವರು ಹಡಗು ಬೇಡವೆಂದರೆ ಏನು ಮಾಡುವುದೆಂದು ಅಕ್ಕನನ್ನು ಕೇಳಿದೆ. ಮಲ್ಪೆಗೆ ಹೋಗಿ ಎರಡು ದಿನ ಇದ್ದು ಬರೋಣ, ಅಲ್ಲಿಯೂ ಸಮುದ್ರವೇ ತಾನೆ ಎಂದಳು.