ಕೀಗೂ ಒಂದು ಕೋಟು

ಕೀಯನ್ನು ಜೇಬಿನಿಂದ ಹೊರತೆಗೆಯುವ ಕಷ್ಟವೇ ಬೇಡ ಎಂದು ಕಾರು ಕಂಪನಿಗಳು ಅಭಯ ಕೊಟ್ಟು ಮೂವತ್ತು ವರ್ಷ ದಾಟಿತು. 1993ರಲ್ಲಿ ಅಮೆರಿಕದ ಷೆವ್ರೊಲೆ ಕಾರ್ವೆಟ್, ಮಾಲೀಕ ಹತ್ತಿರ ಬಂದೊಡನೆ ತಾನಾಗಿ ಬಾಗಿಲಿನ ಲಾಕ್ ತೆರೆಯುವುದನ್ನು ಕಲಿತಿತು. ಐದಾರು ವರ್ಷಗಳಲ್ಲಿ ಮರ್ಸಿಡಿಸ್‌ನ ಎಸ್ ಕ್ಲಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೀ ಜೇಬಿನಲ್ಲಿದ್ದರೆ ಸಾಕು, ಎಂಜಿನ್ ಕೂಡ ಚಾಲೂ ಆಗುತ್ತದೆ ಎಂದಿತು. ಅಲ್ಲಿಗೆ ಕೀ ಸೇವೆಯಿಂದ ನಿವೃತ್ತವಾಯಿತು. ನಿವೃತ್ತರಾದವರಿಗೆ ಶಾಲು ಹೊದಿಸಿ ಕಳುಹಿಸುವುದು ನಮ್ಮ ಪದ್ಧತಿ. ಕೀಗೂ ಶಾಲು ಹೊದಿಸಿದೆವು. ಕಳುಹಿಸುವುದನ್ನು ಮಾತ್ರ ಮರೆತೆವು.

ಆ ಶಾಲುಗಳ ವೈಭವ ನೋಡಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು. ಕಾರಿನ ಅಲಂಕಾರ ಸಾಮಗ್ರಿಗಳ ಅಂಗಡಿಯ ಗೋಡೆಯ ತುಂಬ ಕೊಕ್ಕೆಗಳು, ಕೊಕ್ಕೆಗಳ ತುಂಬ ಕೀ ಕವರ್‌ಗಳು. ಸಿಲಿಕಾನ್, ಚರ್ಮ, ಚರ್ಮದಂತೆ ಕಾಣುವ ಪ್ಲಾಸ್ಟಿಕ್, ಕಾರ್ಬನ್ ಫೈಬರಿನ ಹೆಣಿಗೆಯಂತೆ ಕಾಣುವ ಪ್ಲಾಸ್ಟಿಕ್, ಚಿನ್ನದ ಬಣ್ಣದ ಅಂಚು ಕಟ್ಟಿದ ಪ್ಲಾಸ್ಟಿಕ್. ಗೀರು ಬೀಳದಂತೆ ಕಾಪಾಡುತ್ತದೆ ಎಂಬುದು ಎಲ್ಲದರ ಏಕೈಕ ಭರವಸೆ. ಗೀರು ಯಾವುದರಿಂದ ಬೀಳಬೇಕು? ಕೋಟಿ ರೂಪಾಯಿಯ ಕಾರಿನವರ ಜೇಬಿನಲ್ಲಿ ಚಿಲ್ಲರೆ ಕಾಸು ಇರುವುದಿಲ್ಲ, ಅವರು ಮೊಬೈಲಿನಲ್ಲಿ ಪಾವತಿಸುತ್ತಾರೆ. ಮನೆಯ ಬೀಗದ ಕೈ ಇರುವುದಿಲ್ಲ, ಗೇಟು ತೆಗೆಯಲು ವಾಚ್‌ಮನ್ ಇದ್ದಾರೆ. ಕೀಯನ್ನು ಮುಟ್ಟುವ ಪ್ರಸಂಗವೇ ಬರದಂತೆ ಕಂಪನಿ ವ್ಯವಸ್ಥೆ ಮಾಡಿದೆ. ಹಾಗಾದರೆ ಈ ಕವಚ ಕಾಪಾಡುತ್ತಿರುವುದು ಗಾಳಿಯಿಂದಲೇ ಇರಬೇಕು.

ಬೀದಿಯ ಅಂಗಡಿಯವರನ್ನು ದೂರಿ ಫಲವಿಲ್ಲ, ಮೇಲ್ಪಂಕ್ತಿ ಹಾಕಿಕೊಟ್ಟವರು ದೊಡ್ಡವರೇ. ಪೋರ್ಷೆ ಕಂಪನಿಯ ಕೀ ಕಾರಿನದೇ ಆಕಾರದಲ್ಲಿದೆ. ಅದಕ್ಕೆ ಕಾರಿನದೇ ಬಣ್ಣ ಬಳಿಸಿ, ಜೊತೆಗೆ ಚರ್ಮದ ಚೀಲವನ್ನೂ ಕೊಡುತ್ತೇವೆ ಎಂದು ಅವರ ಐಚ್ಛಿಕ ಸಾಮಗ್ರಿಗಳ ಪಟ್ಟಿಯೇ ಹೇಳುತ್ತದೆ. ಅಂದರೆ ಬಣ್ಣ ಕಾಣಲೆಂದು ಒಂದಿಷ್ಟು ದುಡ್ಡು, ಆ ಬಣ್ಣವನ್ನು ಮುಚ್ಚಲೆಂದು ಇನ್ನೊಂದಿಷ್ಟು. ಆಸ್ಟನ್ ಮಾರ್ಟಿನ್‌ನವರು ಗಾಜಿನ ಕೀ ಮಾಡಿ ಅದಕ್ಕೆ ‘ಎಮೋಷನ್ ಕಂಟ್ರೋಲ್ ಯೂನಿಟ್’ ಎಂದು ನಾಮಕರಣ ಮಾಡಿದ್ದರು. ಗಾಜಿನ ಕೀ ಕೈಜಾರಿ ಗ್ರಾನೈಟ್ ನೆಲದ ಮೇಲೆ ಬಿದ್ದ ಹೊತ್ತಿನಲ್ಲಿ ಭಾವನೆಗಳನ್ನು ಹಿಡಿತದಲ್ಲಿಡುವುದು ಮಾಲೀಕರಿಗೆ ಬಿಟ್ಟದ್ದು.

ಪೋರ್ಷೆಯ ಕೀಗೆ ಇನ್ನೊಂದು ದಂತಕಥೆಯಿದೆ. ಎಡಬದಿಗೆ ಸ್ಟೀರಿಂಗ್ ಇರುವ ಬೇರೆ ಕಾರುಗಳಲ್ಲಿ ಸಾಮಾನ್ಯವಾಗಿ ಅದರ ಬಲಕ್ಕೆ ಕೀ ಹಾಕಿದರೆ ಇದರಲ್ಲಿ ಎಡಕ್ಕೆ. ಫ್ರಾನ್ಸಿನ ಲ ಮಾನ್ ಕಾರು ಪಂದ್ಯದಲ್ಲಿ ಚಾಲಕರು ರಸ್ತೆ ದಾಟಿ ಓಡಿಬಂದು ಕಾರಿಗೆ ಹಾರುತ್ತಿದ್ದರು. ಎಡಗೈಯಲ್ಲಿ ಎಂಜಿನ್ ಚಾಲೂ ಮಾಡಿ ಬಲಗೈಯಲ್ಲಿ ಗೇರ್ ಹಾಕಿದರೆ ಅರೆಗಳಿಗೆ ಉಳಿಯುತ್ತದೆ ಎಂಬುದು ಕಂಪನಿಯವರು ಹೇಳುವ ಕಥೆ. 1969ರಲ್ಲಿ ಬೆಲ್ಜಿಯಂನ ಜಾಕಿ ಇಕ್ಸ್ ಈ ಓಟವನ್ನು ಪ್ರತಿಭಟಿಸಿ ನಿಧಾನವಾಗಿ ನಡೆದುಬಂದು ಕಾರು ಹತ್ತಿದರು, ಸೀಟ್ ಬೆಲ್ಟ್ ಕಟ್ಟಿಕೊಂಡು ಎಲ್ಲರಿಗಿಂತ ಕೊನೆಯಲ್ಲಿ ಹೊರಟರು, ಕೊನೆಗೆ ಪಂದ್ಯವನ್ನೂ ಗೆದ್ದರು. ಮರುವರ್ಷದಿಂದ ಓಡಿಬರುವ ಪದ್ಧತಿಯೇ ನಿಂತಿತು. ಆದರೆ ಉಳಿತಾಯವಾದ ಆ ಅರೆಗಳಿಗೆಯನ್ನು ಕಂಪನಿಗಳು ಇವತ್ತಿಗೂ ಮಾರುತ್ತಲೇ ಇವೆ. ಅದನ್ನು ಕೊಂಡು ತಂದು ನಾವು ಖರ್ಚು ಮಾಡುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಬೆಂಗಳೂರಿನ ಕೇಂದ್ರಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕು ಎಂದು ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆ 2022ರ ವರದಿಯಲ್ಲಿ ಲೆಕ್ಕ ಕೊಟ್ಟಿತ್ತು. ಆ 10 ಸೆಕೆಂಡನ್ನು ಉಳಿಸುವುದಕ್ಕಾದರೂ ಕೀ ಇಲ್ಲದ ಪ್ರವೇಶ ಬೇಕೇ ಬೇಕು.

ಶೋರೂಮಿನ ದೃಶ್ಯ ಇದಕ್ಕಿಂತ ಸೊಗಸು. ಹೊಸ ಕಾರಿನ ಮೇಲೆ ರೇಷ್ಮೆಯಂತೆ ಹೊಳೆಯುವ ಬಟ್ಟೆ, ಚಕ್ರದಡಿ ನಿಂಬೆಹಣ್ಣು, ಪಕ್ಕದಲ್ಲಿ ಕೇಕು. ಇಡೀ ಕುಟುಂಬ ಸಾಲಾಗಿ ನಿಂತ ಮೇಲೆ ಸಿಬ್ಬಂದಿಯೊಬ್ಬರು ಒಳಗಿನಿಂದ ಎರಡೂ ಕೈಯಲ್ಲಿ ಹೊತ್ತು ತರುವುದು ಮೂರಡಿ ಉದ್ದದ ರಟ್ಟಿನ ಕೀಯನ್ನು! ಕಾರಿಗೆ ಕೀ ಹಾಕುವ ರಂಧ್ರವೇ ಕಾಣುವುದಿಲ್ಲ, ಫೋಟೊದಲ್ಲಿ ಕೀ ಮಾತ್ರ ಯಜಮಾನರ ಎದೆಮಟ್ಟ ಇರುತ್ತದೆ. ಫೋಟೊ ಮುಗಿದ ಕೂಡಲೇ ರಟ್ಟಿನ ಕೀ ವಾಪಸ್, ಮುಂದಿನ ಗ್ರಾಹಕರು ಕಾಯುತ್ತಿದ್ದಾರೆ. ನಿಜವಾದ ಕೀಗೆ ಆಗಲೇ ಅರಿಶಿನ ಕುಂಕುಮ ಬಿದ್ದಿರುತ್ತದೆ. ಆ ಕುಂಕುಮ ಗುಂಡಿಗಳ ಸಂದಿಗೆ ಇಳಿದು ಅಲ್ಲೇ ಒಣಗುತ್ತದೆ. ಕವರ್ ಹಾಕಿದ ಮೇಲೆ ಒರೆಸುವುದಕ್ಕೂ ಬರುವುದಿಲ್ಲ.

ಇಷ್ಟೆಲ್ಲ ಸಡಗರದ ಕೀ ಬದುಕಿರುವುದು ನಾಣ್ಯದಷ್ಟಗಲದ ಒಂದು ಬ್ಯಾಟರಿಯ ಮೇಲೆ. ಮೂರು ವೋಲ್ಟ್, ನೂರು ರೂಪಾಯಿಯೊಳಗಿನ ಮಾಲು. ಅದು ಮಾಲ್ ಒಂದರ ನೆಲಮಾಳಿಗೆಯಲ್ಲಿ, ಭಾನುವಾರ ಸಂಜೆ ಪ್ರಾಣ ಬಿಟ್ಟಿತು ಎಂದುಕೊಳ್ಳಿ. ಮಾಲೀಕರು ಬಾಗಿಲ ಹಿಡಿಯನ್ನು ಒಮ್ಮೆ ಸವರುತ್ತಾರೆ, ಇನ್ನೊಮ್ಮೆ ಸವರುತ್ತಾರೆ. ಕಾರು ಗುರುತು ಹಿಡಿಯುವುದಿಲ್ಲ. ಪಾರ್ಕಿಂಗ್ ನೋಡಿಕೊಳ್ಳುವ ಹುಡುಗ ಬಂದು, “ಸಾರ್, ಅದರ ಒಳಗೇ ಒಂದು ಸಣ್ಣ ಕೀ ಇರುತ್ತದೆ, ಎಳೆದು ತೆಗೆಯಿರಿ” ಎನ್ನುತ್ತಾನೆ. ಒಳಗಿನದನ್ನು ಎಳೆಯಬೇಕಾದರೆ ಮೊದಲು ಕವರ್ ಕಳಚಬೇಕು. ಕವರ್ ಕಳಚುವುದಿಲ್ಲ. ಅದರ ಹೆಚ್ಚುಗಾರಿಕೆಯೇ ಅದು ಎಂದು ಮಾರಿದವರು ಹೇಳಿದ್ದರು. ಕೊನೆಗೆ ಹುಡುಗ ತನ್ನ ಸ್ಕೂಟರಿನ ಕೀಯ ತುದಿಯನ್ನು ಚರ್ಮದ ಹೊಲಿಗೆಗೆ ತೂರಿಸಿ ಮೀಟುತ್ತಾನೆ. “ಮೆಲ್ಲಗಪ್ಪಾ, ಗೀರು ಬಿದ್ದೀತು” ಎಂದು ಮಾಲೀಕರು ಕಂಗಾಲಾಗುತ್ತಾರೆ. ಕೀ ಹೊರಬಂದ ಮೇಲೆ ಬಾಗಿಲ ಹಿಡಿಯ ಮುಚ್ಚಳದ ಹಿಂದೆ ಅಡಗಿಸಿಟ್ಟ ರಂಧ್ರವನ್ನು ಹುಡುಕಿ ಕೊಡುವುದೂ ಅದೇ ಹುಡುಗ.

ಕಳ್ಳರ ವಿಷಯಕ್ಕೆ ಬಂದರೆ, ಈ ಸೌಲಭ್ಯದ ಸದುಪಯೋಗವನ್ನು ಪೂರ್ತಿಯಾಗಿ ಮಾಡಿಕೊಂಡವರು ಅವರೇ. ಕಾರು ಸಣ್ಣ ದನಿಯಲ್ಲಿ ‘ಇದ್ದೀಯಾ?’ ಎಂದು ಕೇಳುತ್ತದೆ, ಹತ್ತಿರದಲ್ಲೇ ಇರುವ ಕೀ ‘ಇದ್ದೇನೆ’ ಎನ್ನುತ್ತದೆ, ಬಾಗಿಲು ತೆರೆಯುತ್ತದೆ. ಒಬ್ಬ ಕಳ್ಳ ಕಾರಿನ ಬಳಿ, ಇನ್ನೊಬ್ಬ ಮನೆಯ ಗೋಡೆಯ ಬಳಿ ಆಂಟೆನಾ ಹಿಡಿದು ನಿಂತರೆ ಈ ಪಿಸುಮಾತನ್ನು ಆಚೆಯಿಂದ ಈಚೆಗೆ ದಾಟಿಸಬಹುದು. ಮಾಲೀಕರು ಒಳಗೆ ಗೊರಕೆ ಹೊಡೆಯುತ್ತಿರುತ್ತಾರೆ, ಮೇಜಿನ ಮೇಲಿನ ಕೀ ಮಾತ್ರ ನಿಷ್ಠೆಯಿಂದ ಓಗೊಡುತ್ತಿರುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿಯೇ ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಹತ್ತೂ ತೆರೆದುಕೊಂಡವು. ಆ ಮೇಲೆ ಕೆಲವು ಕಂಪನಿಗಳು ಅಲುಗಾಡದಿದ್ದರೆ ನಿದ್ದೆಹೋಗುವ ಕೀಗಳನ್ನು ತಂದವು. ಹಳೆಯ ಕೀ ಇರುವವರಿಗೆ ಮಾರುಕಟ್ಟೆ ಸೂಚಿಸಿದ ಮದ್ದು ಇನ್ನೊಂದು ಚೀಲ. ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹದ ಪಂಜರ ಕಟ್ಟಿ ವಿದ್ಯುತ್ತನ್ನು ಹೊರಗೇ ತಡೆದು ತೋರಿಸಿದರು, ಅದೇ ತತ್ತ್ವದ ಪುಟ್ಟ ಚೀಲ ಇದು. ಅದರೊಳಗೆ ಹಾಕಿದರೆ ಕೀ ಮೂಕವಾಗುತ್ತದೆ. ಚೀಲ ಸಿಗದವರು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲೋ ಫ್ರಿಜ್ಜಿನಲ್ಲೋ ಮೈಕ್ರೊವೇವ್ ಒಲೆಯಲ್ಲೋ ಇಡುತ್ತಾರೆ. ಒಲೆಯಲ್ಲಿಟ್ಟವರು ಬೆಳಿಗ್ಗೆ ಹಾಲು ಬಿಸಿಮಾಡುವ ಮುನ್ನ ನೆನಪು ಮಾಡಿಕೊಂಡರೆ ಸರಿ.

ಈಗ ಲೆಕ್ಕ ನೋಡಿ. ಜೇಬಿನಿಂದ ಕೀ ತೆಗೆಯದಿರಲು ಒಂದು ದುಡ್ಡು. ತೆಗೆಯದ ಕೀಗೆ ಕವರ್ ಹಾಕಿಸಲು ಇನ್ನೊಂದು ದುಡ್ಡು. ಕವರ್ ಹಾಕಿದ ಕೀಯನ್ನು ಮೂಕ ಮಾಡುವ ಚೀಲಕ್ಕೆ ಮತ್ತೊಂದು. ಚೀಲದೊಳಗಿನ ಕೀಗೆ ಕಾರಿನ ಕರೆ ಕೇಳುವುದಿಲ್ಲವಾದ್ದರಿಂದ, ಕಾರಿನ ಮುಂದೆ ನಿಂತು ಜೇಬಿಗೆ ಕೈಹಾಕಿ, ಚೀಲದಿಂದ ಕೀಯನ್ನು ಹೊರತೆಗೆಯಲೇಬೇಕು. ನಮ್ಮ ತಾತ ಅಂಬಾಸಿಡರ್ ಕಾರಿನ ಮುಂದೆ ಮಾಡುತ್ತಿದ್ದುದೂ ಇದನ್ನೇ, ಚೀಲ ಒಂದು ಇರಲಿಲ್ಲ.

ಕೀಯ ಮೇಲೆ ಇಷ್ಟು ಅಕ್ಕರೆ ಇರುವವರಿಗೆ ಕಾರಿನ ಕಾಗದಪತ್ರದ ಮೇಲೆ ಅಷ್ಟು ಅಕ್ಕರೆ ಇರಬೇಕೆಂದೇನೂ ಇಲ್ಲ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಹಾಗಾಗಿ ಇಲ್ಲಿ ಓಡಾಡುವ ಎಷ್ಟೋ ಐಷಾರಾಮಿ ಕಾರುಗಳ ಜನ್ಮಸ್ಥಳ ಕಡಿಮೆ ತೆರಿಗೆಯ ಪುದುಚೇರಿ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಹೀಗೆ ಹೊರಗೆ ನೋಂದಣಿಯಾದ ಮೂವತ್ತು ಕಾರುಗಳನ್ನು ಹಿಡಿದರು. ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಎಲ್ಲವೂ ಇದ್ದವು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಸುಮಾರು 1.42 ಕೋಟಿ ರೂಪಾಯಿ ಒಂದೇ ಕಂತಿನಲ್ಲಿ ವಸೂಲಾಯಿತು. ಜಪ್ತಿಯಾದ ಕಾರುಗಳ ಕೀಗಳನ್ನು ಇಲಾಖೆಯವರು ಕವರ್ ಸಮೇತ ಪಡೆದರೋ ಕವರ್ ಬಿಚ್ಚಿಕೊಟ್ಟು ಪಡೆದರೋ ಎಂಬುದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಸುದ್ದಿಯ ಮುಖ್ಯ ಭಾಗವೇ ಬಿಟ್ಟುಹೋಯಿತು.

ಹಾಗೆಂದು ಕೀ ಇಲ್ಲದ ಪ್ರವೇಶದಿಂದ ಉಪಯೋಗವೇ ಇಲ್ಲ ಎನ್ನುವ ಹಾಗಿಲ್ಲ. ನಮ್ಮ ರಸ್ತೆಗಳಲ್ಲಿ ವಾಹನ ತಡೆದ ಪೊಲೀಸರ ಕೈ ಮೊದಲು ಹೋಗುವುದೇ ಕೀಗೆ. ಹಾಗೆ ಕಿತ್ತುಕೊಳ್ಳುವ ಅಧಿಕಾರವನ್ನು ಕಾನೂನು ಕೊಟ್ಟಿಲ್ಲ ಎಂಬುದು ಬೇರೆ ಮಾತು. ಸಿಗ್ನಲ್ಲಿನಲ್ಲಿ ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು ನಿಂತಿದೆ, ಗಾಜು ಅರ್ಧ ಇಳಿದಿದೆ. ಪೇದೆ ಕೈ ಒಳಗೆ ಹಾಕಿ ಸ್ಟೀರಿಂಗಿನ ಆಚೆ ತಡಕುತ್ತಾರೆ, ಈಚೆ ತಡಕುತ್ತಾರೆ. ಕಿತ್ತುಕೊಳ್ಳಲು ಏನೂ ಇಲ್ಲ. ಅಷ್ಟರಲ್ಲಿ ಹಸಿರು ದೀಪ ಬಂದು ಕಾರು ಗುಡುಗುತ್ತಾ ಮುಂದಿನ ಸಿಗ್ನಲ್ಲಿನವರೆಗೆ ಹಾರಿತು. ಪೇದೆಗೆ ಚಾಚಿದ ಕೈಯನ್ನು ಸುಮ್ಮನೆ ಹಿಂದೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಪಕ್ಕದಲ್ಲೇ ಹೆಲ್ಮೆಟ್ ಹಾಕಿಕೊಂಡು, ಗೆರೆಯ ಹಿಂದೆ ಶಿಸ್ತಾಗಿ ನಿಂತಿದ್ದ ಸ್ಕೂಟರಿನವನ ಕೀ ಕಿತ್ತುಕೊಂಡು, “ಗಾಡಿ ಪಕ್ಕಕ್ಕೆ ಹಾಕು, ಡಾಕ್ಯುಮೆಂಟ್ಸ್ ತೋರಿಸು” ಎಂದರು.