ಜಿಗ್ ಮೀನಿನ ತಲೆಯ ಮೇಲಿರಬೇಕು

ಕ್ರಾಪಿ ಅನ್ನೋ ಸಿಹಿನೀರಿನ ಮೀನನ್ನು ಹಿಡಿಯೋಕೆ ಜೀವಂತ ಮಿನ್ನೋ (ಪುಟ್ಟ ಮೀನು) ಮರಿಯೇ ಬೇಕು, ಜಿಗ್‌ಗೆ, ಅಂದರೆ ಸೀಸದ ತಲೆಯಿರೋ ಕೃತಕ ಗಾಳಕ್ಕೆ, ಅದು ಸುಲಭವಾಗಿ ಬೀಳಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನ್ನ ಅನುಭವ ಬೇರೆ. ನಾವಿರೋದು ಅಮೆರಿಕದ ಅಲಬಾಮಾದಲ್ಲಿ. ಡೆಕೇಟರ್ ಹತ್ತಿರ ಟೆನೆಸ್ಸೀ ನದಿಗೆ ವೀಲರ್ ಅಣೆಕಟ್ಟಿನ ಹಿನ್ನೀರಿದೆ, ಮಾರ್ಚ್ ಕೊನೆಯಲ್ಲಿ ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸಾಕು, ಕ್ರಾಪಿಗಳು ಮೊಟ್ಟೆಯಿಡಲು ದಡದ ಕಡೆಗೆ ಬರ್ತವೆ.

ಹಿಂದಿನ ರಾತ್ರಿ ಅಡುಗೆಮನೆ ಮೇಜಿನ ಮುಂದೆ ಕೂತು ಜಿಗ್ ಕಟ್ತೀನಿ. ಔನ್ಸಿನ ಹದಿನಾರನೇ ಒಂದು ಭಾಗದ ಸೀಸದ ತಲೆ, ಮೈಗೆ ಹಸಿರು ಶೆನಿಲ್ ದಾರ, ಬಾಲಕ್ಕೆ ಬಿಳಿ ಮರಾಬು ಪುಕ್ಕ. ಪುಕ್ಕ ಜಾಸ್ತಿ ಹಾಕಬಾರದು. ಒಣಗಿದ್ದಾಗ ಹತ್ತಿ ಉಂಡೆಯ ಹಾಗೆ ಕಾಣೋದು ನೀರಿಗೆ ಬಿದ್ದ ತಕ್ಷಣ ತೆಳ್ಳಗಾಗಿ, ನಾವು ಗಾಳದ ಕೋಲು ಅಲ್ಲಾಡಿಸದಿದ್ದರೂ ಉಸಿರಾಡೋ ಹಾಗೆ ಅಲುಗುತ್ತೆ. ಮಿನ್ನೋ ಕೆಲಸ ಮಾಡೋದೇ ಆ ಬಾಲ.

ಮುಖ್ಯವಾದದ್ದು ಆಳ. ಕ್ರಾಪಿ ಮೇಲಕ್ಕೆ ನೋಡಿ ಬೇಟೆಯಾಡೋ ಮೀನು. ಮೀನು ಅಡಗಿರೋ ಮುಳುಗಿದ ಮರದ ಕೊಂಬೆ ಎಂಟಡಿ ಆಳದಲ್ಲಿದ್ದರೆ ಜಿಗ್ ಏಳಡಿಯಲ್ಲೇ ನಿಲ್ಲಬೇಕು, ಕೆಳಗೆ ಹೋದರೆ ಮೀನು ತಿರುಗಿಯೂ ನೋಡಲ್ಲ. ಎಷ್ಟೋ ಸಲ ಎಳೆತವೇ ಗೊತ್ತಾಗಲ್ಲ, ಮೀನು ಜಿಗ್ ಕಚ್ಚಿ ಮೇಲಕ್ಕೆ ಬಂದಿರುತ್ತೆ, ದಾರ ಸಡಿಲಾಗುತ್ತೆ ಅಷ್ಟೇ. ಆಗ ಜೋರಾಗಿ ಜಗ್ಗಬೇಡಿ. ಇದರ ಬಾಯಿ ಕಾಗದದಷ್ಟು ತೆಳು, ಹರಿದುಹೋಗುತ್ತೆ.

ಕಳೆದ ವಸಂತದಲ್ಲಿ ಬೆಳಿಗ್ಗೆ ಆರರಿಂದ ಹನ್ನೊಂದರ ತನಕ ಒಂದೇ ಜಿಗ್‌ನಲ್ಲಿ ಹದಿನಾಲ್ಕು ಸಿಕ್ಕವು. ಮೊಟ್ಟೆ ತುಂಬಿದ್ದ ದೊಡ್ಡವನ್ನೆಲ್ಲ ನೀರಿಗೇ ಬಿಟ್ಟೆ. ಉಳಿದ ಐದನ್ನು ಮನೆಯಲ್ಲಿ ರವೆ ಹಚ್ಚಿ ಕರಿದೆವು.